ಕೊಳೆಯುವ ವಸ್ತುವಿನ ವಿನ್ಯಾಸ

ಜೈವಿಕವಾಗಿ ಕೊಳೆಯುವ ಪಾಲಿಮರ್ ಒಂದು ಉದ್ದನೆಯ ಅಣುಸರಪಳಿ. ಸೂಕ್ಷ್ಮಜೀವಿಗಳು ಅದನ್ನು ತುಂಡರಿಸಿ ಅರಗಿಸಿಕೊಂಡಾಗ ಕೊನೆಗೆ ಉಳಿಯುವುದು ನೀರು, ಅನಿಲ, ಒಂದಿಷ್ಟು ಗೊಬ್ಬರ. ಹುಲಿಯೂರುದುರ್ಗ, ಕುಣಿಗಲ್, ಗುಬ್ಬಿ ಸೀಮೆಯ ತೋಟಗಳಲ್ಲೇ ಇಂಥ ಪಾಲಿಮರುಗಳು ಹುಟ್ಟುತ್ತವೆ. ತೆಂಗಿನ ನಾರು, ಅಡಿಕೆ ಹಾಳೆಗಳಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಇವೆ. ರೇಷ್ಮೆಗೂಡಿನ ಎಳೆಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನಿದೆ.

ಉದುರಿದ ಅಡಿಕೆ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ತೇವ ಮತ್ತು ಶಾಖಕ್ಕೆ ಮೆದುವಾದ ಲಿಗ್ನಿನ್ ಆರಿದ ಮೇಲೆ ಬಿಗಿದುಕೊಂಡು ಆಕಾರ ಹಿಡಿಯುತ್ತದೆ. ಅಂಟು ಬೇಕಿಲ್ಲ, ಲೇಪನ ಬೇಕಿಲ್ಲ. ಊಟವಾದ ಮೇಲೆ ತಿಪ್ಪೆಗೆ ಬಿದ್ದರೆ ಕೆಲವು ತಿಂಗಳಲ್ಲಿ ಗೊಬ್ಬರ. ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳನ್ನು ನಿಷೇಧಿಸಿದಾಗ ಈ ಬದಲಿ ಕೈಗೆಟುಕುವಂತೆಯೇ ಇತ್ತು. ಆದರೆ ಕೊಳೆಯುವ ಗುಣವೊಂದೇ ಸಾಲದು. ಅಡಿಕೆಯ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇನಲ್ಲಿ ಈ ತಟ್ಟೆಗಳ ಬಳಕೆಯ ವಿರುದ್ಧ ಎಚ್ಚರಿಸಿತು. ತೋಟದವರ ಆದಾಯ ಇದಕ್ಕೆ ಅಂಟಿಕೊಂಡಿರುವುದರಿಂದ ಈ ಪ್ರಶ್ನೆಗೆ ಪ್ರಯೋಗಾಲಯವೇ ಉತ್ತರಿಸಬೇಕು.

ತೆಂಗಿನ ನಾರಿನಲ್ಲಿ ಲಿಗ್ನಿನ್ ಹೆಚ್ಚು, ಆದ್ದರಿಂದ ಕೊಳೆಯುವುದು ನಿಧಾನ. ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ನಾರಿನ ಜಾಲ ಹಾಸುವಾಗ ಈ ನಿಧಾನವೇ ಅನುಕೂಲ. ಹುಲ್ಲು ಬೇರೂರುವವರೆಗೆ ಜಾಲ ತಾಳುತ್ತದೆ, ಆಮೇಲೆ ಮಣ್ಣಾಗುತ್ತದೆ.

ಕಾರ್ಖಾನೆಯ ಪಾಲಿಲ್ಯಾಕ್ಟಿಕ್ ಆಮ್ಲದ ಕಥೆ ಬೇರೆ. ಮೆಕ್ಕೆಜೋಳದ ಪಿಷ್ಟ, ಕಬ್ಬಿನ ಸಕ್ಕರೆಯಂಥವನ್ನು ಹುಳಿಯಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಅದು ತಯಾರಾಗುತ್ತದೆ. ಬೇಗ ಕೊಳೆಯಲು ಅದಕ್ಕೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ವಾರಗಟ್ಟಲೆ ಬೇಕು. ಊರಿನ ಸಣ್ಣ ತಿಪ್ಪೆ ಅಷ್ಟು ದಿನ ಆ ಕಾವು ಉಳಿಸಿಕೊಳ್ಳದು, ಕೆರೆಯ ನೀರಂತೂ ಕಾಯುವುದೇ ಇಲ್ಲ. ಲ್ಯಾಕ್ಟಿಕ್ ಆಮ್ಲಕ್ಕೇ ಗ್ಲೈಕೋಲಿಕ್ ಆಮ್ಲ ಸೇರಿಸಿ ಮಾಡಿದ ಶಸ್ತ್ರಚಿಕಿತ್ಸೆಯ ಹೊಲಿಗೆದಾರವಾದರೋ ದೇಹದ ಶಾಖಕ್ಕೇ ಎರಡು-ಮೂರು ತಿಂಗಳಲ್ಲಿ ಕರಗುತ್ತದೆ. ಹಾಗಾಗಿ ವಿನ್ಯಾಸಕಾರ ಮೊದಲು ಕೇಳಬೇಕಾದದ್ದು ವಸ್ತು ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದನ್ನು.

ಸಾಮಾನ್ಯ ಪ್ಲಾಸ್ಟಿಕ್ಕಿಗೆ ಲೋಹದ ಲವಣ ಬೆರೆಸಿ ಬೇಗ ಚೂರಾಗುವಂತೆ ಮಾಡಿದ ಚೀಲಗಳೂ ‘ಕೊಳೆಯುವ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಅವು ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ಹೊಲದಲ್ಲೇ ಉಳಿಯುವುದರಿಂದ ಐರೋಪ್ಯ ಒಕ್ಕೂಟ 2021ರಲ್ಲಿ ಅವನ್ನು ನಿಷೇಧಿಸಿತು. ಭಾರತದಲ್ಲಿ ಗೊಬ್ಬರವಾಗಬಲ್ಲ ಚೀಲ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕು. ಅಂಥ ಚೀಲವೂ ಹಸಿ ಕಸದೊಂದಿಗೆ ಗೊಬ್ಬರದ ಘಟಕ ಸೇರಬೇಕೇ ಹೊರತು ಬೀದಿಬದಿಯನ್ನಲ್ಲ.