ಪತ್ತೇದಾರಿ ಬರೆದವರು ಏನು ಕೆಲಸ ಮಾಡುತ್ತಿದ್ದರು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಿಂದ ನಿಮ್ಮನ್ನು ಒಂದೇ ಪ್ರಶ್ನೆ ಕೇಳಲಾಗುತ್ತದೆ. ಮುಂದೆ ಏನಾಗಬೇಕೆಂದಿದ್ದೀರಿ? ಡಾಕ್ಟರ್, ಇಂಜಿನಿಯರ್, ಕೆ.ಎ.ಎಸ್. ಅಧಿಕಾರಿ ಎಂದು ನೀವು ಹೇಳುತ್ತೀರಿ, ನಾವು ಚಪ್ಪಾಳೆ ತಟ್ಟುತ್ತೇವೆ. ಪತ್ತೇದಾರಿ ಕಾದಂಬರಿ ಬರೆಯುತ್ತೇನೆ ಎಂದು ಇದುವರೆಗೆ ಇಲ್ಲಿ ಯಾರೂ ಹೇಳಿಲ್ಲ. ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವೋ ಏನೋ. ನಾನಂತೂ ಒಮ್ಮೆ ನಕ್ಕಿದ್ದೇನೆ. ಆ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಅಬ್ಬಾ ದರ್ಜಿ. ಮನೆಯಲ್ಲಿ ಅವರದೊಂದು ತಗಡಿನ ಟ್ರಂಕ್ ಇತ್ತು. ಅದರ ತುಂಬ ಹಳೆಯ ಉರ್ದು ಪುಸ್ತಕಗಳು. ಹೆಚ್ಚಿನವುಗಳಿಗೆ ರಟ್ಟೇ ಇರಲಿಲ್ಲ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಹೊಲಿಗೆ ಯಂತ್ರದ ಹಲಗೆಯ ಮೇಲೆ ಪುಸ್ತಕ ತೆರೆದಿಟ್ಟು, ಅದು ಮುಚ್ಚಿಕೊಳ್ಳದಂತೆ ಕತ್ತರಿಯನ್ನು ಅದರ ಮೇಲಿಟ್ಟು ಓದುತ್ತಿದ್ದರು. ಅವು ಇಬ್ನೆ ಸಫಿಯವರ ಪತ್ತೇದಾರಿ ಕಾದಂಬರಿಗಳು. ನಾನು ಉರ್ದು ಓದಲು ಕಲಿತದ್ದು ಶಾಲೆಯ ಪಠ್ಯಪುಸ್ತಕದಿಂದ ಎಂದು ನನ್ನ ಬಿ.ಇಡಿ. ಸಂದರ್ಶನದಲ್ಲಿ ಹೇಳಿದ್ದೆ. ಅದು ಅರ್ಧ ಸತ್ಯ ಮಾತ್ರ.

ಈ ಇಬ್ನೆ ಸಫಿ ಯಾರು? ನಿಜವಾದ ಹೆಸರು ಅಸ್ರಾರ್ ಅಹ್ಮದ್. ಹುಟ್ಟಿದ್ದು 1928ರಲ್ಲಿ, ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಹಳ್ಳಿಯಲ್ಲಿ. ತಂದೆಯ ಹೆಸರು ಸಫಿಯುಲ್ಲಾ. ಸಫಿಯ ಮಗ ಎಂಬ ಅರ್ಥದಲ್ಲಿ ಇಬ್ನೆ ಸಫಿ ಆದರು. ಲಕ್ಷಾಂತರ ಜನ ಕಾದು ಕಾದು ಓದುತ್ತಿದ್ದ ಈ ಮನುಷ್ಯ ಮೊದಲು ಏನಾಗಿದ್ದರು ಗೊತ್ತೆ? ಶಾಲಾ ಮೇಷ್ಟ್ರು! 1949ರಿಂದ 1952ರವರೆಗೆ ಅಲಹಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಅದೇ ಸಮಯದಲ್ಲಿ ಆಗ್ರಾ ವಿಶ್ವವಿದ್ಯಾಲಯದ ಬಿ.ಎ. ಪದವಿಗೂ ಓದಿದರು. ಹಗಲು ಪಾಠ, ರಾತ್ರಿ ಓದು, ನಡುವೆ ಬರವಣಿಗೆ. ಅಸ್ರಾರ್ ನಾರ್ವಿ ಎಂಬ ಹೆಸರಿನಲ್ಲಿ ಗಜಲ್ ಬರೆಯುತ್ತಿದ್ದರು, ತುಗ್ರಲ್ ಫರ್ಗಾನ್ ಎಂಬ ಇನ್ನೊಂದು ಹೆಸರಿನಲ್ಲಿ ಹಾಸ್ಯ ಲೇಖನ.

ಗೆಳೆಯರ ಒಂದು ಕೂಟದಲ್ಲಿ ಚರ್ಚೆ ನಡೆಯಿತಂತೆ. ಉರ್ದುವಿನಲ್ಲಿ ಅಶ್ಲೀಲತೆ ಇಲ್ಲದಿದ್ದರೆ ಪುಸ್ತಕ ಮಾರಾಟವಾಗುವುದಿಲ್ಲ ಎಂದು ಯಾರೋ ಹೇಳಿದರು. ಮೇಷ್ಟ್ರು ಒಪ್ಪಲಿಲ್ಲ. ವಾದ ಮಾಡಿ ಮನೆಗೆ ಹೋಗಿ ಸುಮ್ಮನೆ ಮಲಗಲೂ ಇಲ್ಲ, ಬರೆದು ತೋರಿಸಿದರು. 1952ರ ಮಾರ್ಚ್‌ನಲ್ಲಿ ‘ಜಾಸೂಸಿ ದುನಿಯಾ’ ಮಾಲೆಯ ಮೊದಲ ಕಾದಂಬರಿ ‘ದಿಲೇರ್ ಮುಜ್ರಿಮ್’ ಹೊರಬಂತು. ಪ್ರಕಟಿಸಿದವರು ಅವರ ಗೆಳೆಯ ಅಬ್ಬಾಸ್ ಹುಸೈನಿ. ಅದೇ ವರ್ಷ ಅಸ್ರಾರ್ ಅಹ್ಮದ್ ಕರಾಚಿಗೆ ಹೋಗಿ ನೆಲೆಸಿದರು. ಆದರೆ ಕಾದಂಬರಿಗಳು ಅಲಹಾಬಾದಿನಿಂದಲೂ ಬರುತ್ತಲೇ ಇದ್ದವು. ಹಿಂದಿಗೆ ಬಂದಾಗ ಅವರ ಪತ್ತೇದಾರ ಫರೀದಿ ವಿನೋದ್ ಆದ. ಹೀಗೆ ಹೆಸರು ಬದಲಾಯಿಸಿಕೊಂಡು ಬೇರೆ ಲಿಪಿಯ ಓದುಗರ ಮನೆಗಳಿಗೂ ಆತ ಹೋದ.

1955ರಲ್ಲಿ ಇನ್ನೊಬ್ಬ ನಾಯಕನನ್ನು ಸೃಷ್ಟಿಸಿದರು. ಅವನ ಹೆಸರು ಇಮ್ರಾನ್. ನೋಡುವುದಕ್ಕೆ ಪೆದ್ದ, ಮಾತನಾಡಿದರೆ ಎದುರಿನವರಿಗೆ ತಲೆಬಿಸಿ. ಆದರೆ ಒಳಗೆ ಎಲ್ಲರಿಗಿಂತ ಚುರುಕು. ಇಂಥ ಪಾತ್ರ ಎಲ್ಲಿಂದ ಬಂತು ಎಂದು ವಿಮರ್ಶಕರು ಏನೇನೋ ಹೇಳಬಹುದು. ನನ್ನ ಊಹೆ ಬೇರೆ. ಮೂರು ವರ್ಷ ತರಗತಿಯ ಎದುರು ನಿಂತವರಿಗೆ ಹಿಂದಿನ ಬೆಂಚಿನಲ್ಲಿ ಪೆದ್ದನಂತೆ ಕೂತ ಹುಡುಗ ಚೆನ್ನಾಗಿ ಗೊತ್ತಿರುತ್ತಾನೆ. ಅವನು ಪೆದ್ದನಲ್ಲ ಎಂಬುದು ಕೆಲವು ಮೇಷ್ಟ್ರುಗಳಿಗೆ ಬೇಗ ತಿಳಿಯುತ್ತದೆ, ಕೆಲವರಿಗೆ ತಡವಾಗಿ.

1960ರಿಂದ ಮೂರು ವರ್ಷ ಅವರು ತೀವ್ರ ಮಾನಸಿಕ ಕಾಯಿಲೆಯಿಂದ ಬರೆಯಲಾಗದೆ ಉಳಿದರು. 1963ರಲ್ಲಿ ಗುಣಮುಖರಾಗಿ ‘ಡೇಢ್ ಮತ್ವಾಲೆ’ಯೊಂದಿಗೆ ಮರಳಿ ಬಂದರು. 1980ರ ಜುಲೈ 26ರಂದು ತೀರಿಕೊಳ್ಳುವವರೆಗೆ ಬರೆದದ್ದು ಎರಡೂ ಮಾಲೆ ಸೇರಿ 240ಕ್ಕೂ ಹೆಚ್ಚು ಕಾದಂಬರಿ. ಮನಸ್ಸಿನ ಕಾಯಿಲೆಯನ್ನು ಮನೆಯವರೇ ಮುಚ್ಚಿಡುವ ಊರು ನಮ್ಮದು. ಆದ್ದರಿಂದ ಈ ಮಾತನ್ನು ಬಿಡದೆ ಹೇಳಿದ್ದೇನೆ.

ಇನ್ನು ವಿದ್ಯಾರ್ಥಿನಿಯರಿಗೆ, ಅದರಲ್ಲೂ ಡಿ.ಫಾರ್ಮಾ ಓದುತ್ತಿರುವವರಿಗೆ ಒಂದು ವಿಷಯ. ಅಗಾಥಾ ಕ್ರಿಸ್ಟಿಯ ಹೆಸರು ಕೇಳಿದ್ದೀರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಇಂಗ್ಲೆಂಡಿನ ಟಾರ್ಕಿ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಸ್ವಯಂಸೇವಕ ದಾದಿಯಾಗಿದ್ದಳು. ನಂತರ ಅಲ್ಲಿಯೇ ಔಷಧಿ ವಿಭಾಗಕ್ಕೆ ಬಂದಳು, 1917ರಲ್ಲಿ ಔಷಧಿ ತಯಾರಕರ ಪರೀಕ್ಷೆಯನ್ನೂ ಪಾಸು ಮಾಡಿದಳು. ಆ ದಿನಗಳಲ್ಲಿ ಔಷಧಿಯನ್ನು ಕೈಯಲ್ಲೇ ಅಳೆದು, ಬೆರೆಸಿ ಕೊಡಬೇಕು. ಕೆಲಸ ಕಲಿಯಲು ಊರಿನ ಒಬ್ಬ ಅನುಭವಿ ಔಷಧಿ ವ್ಯಾಪಾರಿಯ ಬಳಿ ಹೋಗುತ್ತಿದ್ದಳು. ಒಂದು ದಿನ ಆತ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟು ಲೆಕ್ಕ ಹಾಕಿದ. ಔಷಧಿ ಹತ್ತು ಪಟ್ಟು ಬಲವಾಗಿಬಿಟ್ಟಿತು. ಹೊಸಬಳಾದ ಹುಡುಗಿ ಹಿರಿಯನಿಗೆ ನೀವು ತಪ್ಪು ಮಾಡಿದಿರಿ ಎಂದು ಹೇಗೆ ಹೇಳುವುದು? ಆಕೆ ಎಡವಿದಂತೆ ನಟಿಸಿ ತಟ್ಟೆಯನ್ನು ಕೆಳಗೆ ಬೀಳಿಸಿ, ಬಿದ್ದದ್ದನ್ನು ಕಾಲಿನಿಂದ ಚೆನ್ನಾಗಿ ತುಳಿದುಹಾಕಿದಳು. ಅದೇ ಮನುಷ್ಯ ಕ್ಯುರಾರೆ ಎಂಬ ಘೋರ ವಿಷದ ತುಂಡೊಂದನ್ನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನಂತೆ. ಅದು ಜೊತೆಗಿದ್ದರೆ ತಾನು ಬಲಶಾಲಿ ಎನಿಸುತ್ತದೆ ಎನ್ನುತ್ತಿದ್ದನಂತೆ. ಆಕೆ ಅವನನ್ನು ಮರೆಯಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ‘ದಿ ಪೇಲ್ ಹಾರ್ಸ್’ ಬರೆಯುವಾಗ ಅವನ ನೆನಪನ್ನು ಬಳಸಿಕೊಂಡಳು.

ಔಷಧಿ ವಿಭಾಗದಲ್ಲಿ ಕೆಲಸವಿಲ್ಲದೆ ಕಾಯುವ ಹೊತ್ತು ಬಹಳ. ಸುತ್ತ ಕಪಾಟುಗಳಲ್ಲಿ ವಿಷದ ಬಾಟಲಿಗಳು. ಮೊದಲ ಕಾದಂಬರಿ ಅಲ್ಲಿಯೇ ಹೊಳೆಯಿತು. ಅದನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು. ಕೊನೆಗೆ 1920ರಲ್ಲಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಪುಸ್ತಕವಾಗಿ ಬಂತು. ಆಕೆಗೆ ಬಹಳ ಸಂತೋಷ ಕೊಟ್ಟ ವಿಮರ್ಶೆ ಸಾಹಿತ್ಯ ಪತ್ರಿಕೆಯದಲ್ಲ. ಔಷಧಿ ತಯಾರಕರ ವೃತ್ತಿಪತ್ರಿಕೆಯೊಂದು ಈ ಲೇಖಕಿಗೆ ವಿಷಗಳ ವಿಚಾರ ಸರಿಯಾಗಿ ಗೊತ್ತಿದೆ ಎಂದು ಮೆಚ್ಚಿ ಬರೆದಿತ್ತು.

‘ದಿ ಪೇಲ್ ಹಾರ್ಸ್’ 1961ರಲ್ಲಿ ಬಂದದ್ದು. ಅದರಲ್ಲಿ ಥ್ಯಾಲಿಯಂ ಎಂಬ ವಿಷದ ಲಕ್ಷಣಗಳಿವೆ. ಕೂದಲು ಉದುರುವುದು ಅವುಗಳಲ್ಲಿ ಒಂದು. ಲೇಖಕಿ ತೀರಿಕೊಂಡದ್ದು 1976ರಲ್ಲಿ. ಮರುವರ್ಷ ಕತಾರ್‌ನಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಮಗುವನ್ನು ತಂದರು. ಕಾಯಿಲೆ ಏನೆಂದು ವೈದ್ಯರಿಗೆ ತಿಳಿಯುತ್ತಿಲ್ಲ. ಅಲ್ಲಿದ್ದ ಒಬ್ಬ ನರ್ಸ್ ಆಗಷ್ಟೇ ಈ ಕಾದಂಬರಿಯನ್ನು ಓದುತ್ತಿದ್ದಳು. ಮಗುವಿನ ಕೂದಲು ಉದುರುವುದನ್ನು ನೋಡಿ, ಇದು ಥ್ಯಾಲಿಯಂ ಇರಬಹುದೇ ಎಂದು ಕೇಳಿದಳು. ಪರೀಕ್ಷೆ ಮಾಡಿದರೆ ಅದೇ! ಮಗು ಚೇತರಿಸಿಕೊಂಡಿತು. ಪತ್ತೇದಾರಿ ಓದಿ ಮಕ್ಕಳು ಹಾಳಾಗುತ್ತಾರೆ ಎನ್ನುವ ಪಾಲಕರಿಗೆ ನಾನು ಈ ಘಟನೆಯನ್ನು ಹೇಳುತ್ತಿರುತ್ತೇನೆ. ಹಾಗೆಂದು ಪರೀಕ್ಷೆಯ ಹಿಂದಿನ ರಾತ್ರಿ ಓದಬೇಡಿ.

ಇನ್ನೂ ಬಹಳ ಜನರಿದ್ದಾರೆ, ಸಮಯ ಕಡಿಮೆ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ವೈದ್ಯ. ರೋಗಿಯ ಕೈ, ನಡಿಗೆ, ಬಟ್ಟೆ ನೋಡಿಯೇ ಅವನ ಕಸುಬು ಹೇಳುತ್ತಿದ್ದ ಜೋಸೆಫ್ ಬೆಲ್ ಎಂಬ ಗುರುವಿನಿಂದ ಹೋಮ್ಸ್ ಹುಟ್ಟಿದ. 1887ರಲ್ಲಿ ಬಂದ ಮೊದಲ ಹೋಮ್ಸ್ ಕಾದಂಬರಿಯ ಪೂರ್ತಿ ಹಕ್ಕಿಗೆ ಆತನಿಗೆ ಸಿಕ್ಕಿದ್ದು 25 ಪೌಂಡ್. ಅಮೆರಿಕದ ಡ್ಯಾಶಿಯಲ್ ಹ್ಯಾಮೆಟ್ ನಿಜವಾಗಿಯೂ ಪಿಂಕರ್ಟನ್ ಸಂಸ್ಥೆಯ ಪತ್ತೇದಾರ. ಪಿ.ಡಿ. ಜೇಮ್ಸ್ ಎಂಬಾಕೆ ಆಸ್ಪತ್ರೆ ಆಡಳಿತದ ಕಚೇರಿ ನೌಕರಳು. ಯುದ್ಧದಿಂದ ಮರಳಿದ ಗಂಡನಿಗೆ ಮಾನಸಿಕ ಕಾಯಿಲೆ, ಸಾಕಬೇಕಾದ ಹೆಣ್ಣುಮಕ್ಕಳು ಇಬ್ಬರು. ಬೆಳಿಗ್ಗೆ ಬೇಗ ಎದ್ದು, ಕೆಲಸಕ್ಕೆ ಹೊರಡುವ ಮುನ್ನ ಬರೆದಳು. ಮೊದಲ ಪುಸ್ತಕ ಬಂದಾಗ ವಯಸ್ಸು ನಲವತ್ತು ದಾಟಿತ್ತು.

ರೇಮಂಡ್ ಚಾಂಡ್ಲರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಆತ ಲಾಸ್ ಏಂಜಲೀಸಿನ ಎಣ್ಣೆ ಕಂಪನಿಯಲ್ಲಿ ದೊಡ್ಡ ಅಧಿಕಾರಿ. ಕುಡಿತ, ಗೈರುಹಾಜರಿ ಎಲ್ಲ ಸೇರಿ 1932ರಲ್ಲಿ ಕೆಲಸ ಹೋಯಿತು. ವಯಸ್ಸು 44. ಬರೆಯುವುದನ್ನು ಆತ ಹೇಗೆ ಕಲಿತ ನೋಡಿ. ಪತ್ರಿಕೆಯಲ್ಲಿ ಬಂದ ಸ್ಟ್ಯಾನ್ಲಿ ಗಾರ್ಡ್ನರ್ ಎಂಬ ವಕೀಲ ಲೇಖಕನ ಕಥೆಯೊಂದನ್ನು ಓದಿ, ಅದರ ಸಾರಾಂಶ ಬರೆದುಕೊಂಡು, ಆ ಸಾರಾಂಶದಿಂದ ಮತ್ತೆ ಇಡೀ ಕಥೆಯನ್ನು ತಾನೇ ಬರೆದ. ನಂತರ ಮೂಲದ ಪಕ್ಕದಲ್ಲಿಟ್ಟು ಎಲ್ಲಿ ಸೋತೆ ಎಂದು ನೋಡಿದ. ತನ್ನದೇ ಆದ ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. ವ್ಯಾಕರಣ ತರಗತಿಯಲ್ಲಿ ನಾನು ಸಾರಾಂಶ ಬರೆಯಿರಿ ಎಂದಾಗ ಮುಖ ಸಿಂಡರಿಸುವವರು ಇದನ್ನು ಗಮನಿಸಬೇಕು!

ಇವರೆಲ್ಲ ದೂರದವರಾದರು. ನಮ್ಮ ಬೆಂಗಳೂರಿನ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆ ನಿಮಗೆ ಗೊತ್ತು. ಅದೇ ಸಂಸ್ಥೆಯ ದೆಹಲಿಯ ಕೆಲಸದಲ್ಲಿದ್ದುಕೊಂಡು ಸುರೇಂದ್ರ ಮೋಹನ್ ಪಾಠಕ್ ಹಿಂದಿಯಲ್ಲಿ ಪತ್ತೇದಾರಿ ಬರೆದರು. ನೌಕರಿ ಬಿಡದೆ ಬರೆಯುತ್ತ ಹೋಗಿ, ಕಾದಂಬರಿಗಳ ಸಂಖ್ಯೆ ಮುನ್ನೂರರ ಹತ್ತಿರ ಬಂತು. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಶಾಲೆಯ ಮೆಟ್ಟಿಲು ಹತ್ತಿದ್ದು ಕೆಲವೇ ವರ್ಷ. ಬರೆದದ್ದು ಐನೂರಕ್ಕೂ ಹೆಚ್ಚು. ಅವರ ಪತ್ತೇದಾರ ಪುರುಷೋತ್ತಮನನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ, ಮುಖ ಅರಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಫಿ ಬೆಳೆಗಾರರು. 1994ರ ‘ಜುಗಾರಿ ಕ್ರಾಸ್’ ಓದುವಾಗ ಎದೆ ಹೊಡೆದುಕೊಳ್ಳುವುದು ನಿಜ, ಆದರೆ ಅದರೊಳಗಿನ ಏಲಕ್ಕಿ ವ್ಯಾಪಾರದ ಲೆಕ್ಕಾಚಾರವನ್ನು ಪೇಟೆಯಲ್ಲಿ ಕೂತು ಕಲ್ಪಿಸಿಕೊಳ್ಳಲು ಸಾಧ್ಯವಿಲ್ಲ. ಬೆಳೆದು, ಒಣಗಿಸಿ, ಮಾರಿ ನೋಡಿದವರ ನಡುವೆ ಬದುಕಿದವರಿಗೇ ಅದು ಗೊತ್ತು.

ಈಗ ನನ್ನ ವಿಷಯ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಕನ್ನಡ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ಎತ್ತದೆ ಬರೆಯುತ್ತಿದ್ದ. ಹೋಗಿ ನೋಡಿದರೆ ವಿಜ್ಞಾನದ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಪತ್ತೇದಾರಿ ಕಥೆ. ಕಾಗುಣಿತ ತಪ್ಪಿದ್ದ ಎರಡು ಸಾಲನ್ನು ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಪುಸ್ತಕವನ್ನು ನನ್ನ ಕಪಾಟಿಗೆ ಹಾಕಿ ಬೀಗ ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅವನ ಅಬ್ಬಾನ ಬೈಕ್ ಗ್ಯಾರೇಜಿಗೆ ಸೇರಿಕೊಂಡ ಎಂದು ಕೇಳಿದೆ.

ಹೋದ ವರ್ಷ ಕಪಾಟು ಖಾಲಿ ಮಾಡುವಾಗ ಅದು ಸಿಕ್ಕಿತು. ಕೂತು ಓದಿದೆ. ಕಥೆಯಲ್ಲಿ ಒಬ್ಬ, ರಾತ್ರಿಯೆಲ್ಲ ಬೈಕ್ ಓಡಿಸಿಕೊಂಡು ಹುಬ್ಬಳ್ಳಿಯಿಂದ ಈಗ ತಾನೆ ನೇರವಾಗಿ ಬಂದೆ, ಕಳ್ಳತನ ನಡೆದಾಗ ಊರಲ್ಲೇ ಇರಲಿಲ್ಲ ಎನ್ನುತ್ತಾನೆ. ಗ್ಯಾರೇಜಿನ ಹುಡುಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾನೆ. ಹೈವೇಯಲ್ಲಿ ಓಡಿದ ಗಾಡಿಯ ಪ್ಲಗ್ ಕಂದು ಬಣ್ಣ ಇರಬೇಕು. ಇದು ಮಸಿ ಹಿಡಿದು ಕಪ್ಪಾಗಿದೆ. ಅಂದರೆ ಗಾಡಿ ಓಡಿಲ್ಲ, ಎಲ್ಲೋ ಸಂದಿಯಲ್ಲಿ ಚಾಲೂ ಇಟ್ಟುಕೊಂಡು ನಿಂತಿತ್ತು.

ಇದು ಸರಿಯೇ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿದೆ. ಸರಿ ಎಂದರು. ಕಾಗುಣಿತ ಗೊತ್ತಿದ್ದ ನನಗೆ ಪ್ಲಗ್ ಗೊತ್ತಿರಲಿಲ್ಲ.

ನೋಟ್‌ಬುಕ್ ಹಿಡಿದು ಗ್ಯಾರೇಜಿಗೆ ಹೋದೆ. ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡು, “ಸರ್, ಇನ್ನೂ ಇಟ್ಟುಕೊಂಡಿದ್ದೀರಾ?” ಎಂದ. ಅಂದು ನಾನು ಮಾಡಿದ್ದು ತಪ್ಪು ಎಂದು ಹೇಳಿದೆ. ಅವನು ತಲೆ ತಗ್ಗಿಸಿ ಸುಮ್ಮನಿದ್ದ. ಕಥೆ ಅರ್ಧಕ್ಕೆ ನಿಂತಿದೆ, ಆ ಮನುಷ್ಯ ಸಿಕ್ಕಿಬಿದ್ದನೋ ಇಲ್ಲವೋ ಎಂದು ಕೇಳಿದೆ. “ಅವತ್ತು ಅಲ್ಲಿಗೇ ನಿಂತುಹೋಯಿತಲ್ಲ ಸರ್” ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಈಗಿನ ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ, ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಬಿಡುತ್ತದೆ, ಪ್ಲಗ್ ಅಷ್ಟು ಸುಲಭವಾಗಿ ಕಪ್ಪಾಗುವುದಿಲ್ಲ, ಆದ್ದರಿಂದ ಆ ಗಾಡಿಯನ್ನು ಹಳೇ ಮಾಡೆಲ್ ಎಂದು ಬದಲಾಯಿಸಬೇಕು ಎಂದ.

ಮುಂದಿನ ವಾರ್ಷಿಕ ಸಂಚಿಕೆಗೆ ಆರು ಪುಟ ಕಾದಿರಿಸಿ ಎಂದು ಸಂಪಾದಕರಲ್ಲಿ ವಿನಂತಿಸಿದ್ದೇನೆ. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ. ಪ್ಲಗ್ಗಿನ ವಿಚಾರ ಅವನದು.