ಕಾಲೊಳಗಿನ ಲೋಹಕ್ಕೆ ಹದಿನೇಳು ವರ್ಷ



ಸುವರ್ಣ ಮಹೋತ್ಸವದಲ್ಲಿ ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದು ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ನನ್ನ ಎಡಗಾಲಿನ ಬಗ್ಗೆ ಮಾತಾಡುತ್ತೇನೆ.

ಈ ಶಾಲೆ ಬಿಟ್ಟು ಪಿಯುಸಿಯಲ್ಲಿದ್ದಾಗ ಮೊಣಕಾಲಿನ ಮೇಲ್ಭಾಗದಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರ್ ಕಾಣಿಸಿತು. ಬೆಳೆಯುವ ವಯಸ್ಸಿನವರಲ್ಲಿ, ಅದರಲ್ಲೂ ಮೊಣಕಾಲಿನ ಸುತ್ತ, ಇದು ಹೆಚ್ಚು. ಹಿಂದೆ ಕಾಲು ಕತ್ತರಿಸುವುದೇ ದಾರಿಯಾಗಿತ್ತು. ಕೆನಡಾದ ಟೆರಿ ಫಾಕ್ಸ್ 1977ರಲ್ಲಿ ಇದೇ ಕಾಯಿಲೆಗೆ ಕಾಲು ಕಳೆದುಕೊಂಡು, 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿದ. ಕೀಮೋಥೆರಪಿ ಸುಧಾರಿಸಿದ ಮೇಲೆ, ಗಡ್ಡೆಯಿರುವ ಎಲುಬನ್ನು ಕೀಲಿನ ಸಮೇತ ತೆಗೆದು ಲೋಹದ್ದನ್ನು ಕೂರಿಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ದೇಶದಲ್ಲೇ ತಯಾರಾಗುವ ಕಡಿಮೆ ಬೆಲೆಯ ಇಂಪ್ಲಾಂಟ್ ರೂಪಿಸಿದ್ದರಿಂದ ನಮ್ಮಂಥ ಮನೆಗಳಿಗೂ ಇದು ಎಟುಕುವಂತಾಯಿತು. ಬೆಂಗಳೂರಿನ ಕಿದ್ವಾಯಿ ಸರಕಾರಿ ಸಂಸ್ಥೆಯಲ್ಲೂ ಈ ಕಾಯಿಲೆಗೆ ಚಿಕಿತ್ಸೆ ಇದೆ.

"ಆಪರೇಷನ್ ಆಯ್ತಲ್ಲ, ಇನ್ನೇನು ಮಾರಾಯ?" ಎಂದು ಕೇಳುತ್ತಾರೆ. ಇನ್ನೇನು ಎಂಬುದು ಅಲ್ಲಿಂದಲೇ ಶುರು. ಕೀಲಿನೊಳಗೊಂದು ಪ್ಲಾಸ್ಟಿಕ್ ಬುಶ್ ಇದೆ; ಬೈಕಿನ ಬುಶ್ಶಿನ ಹಾಗೆ ಸವೆಯುತ್ತದೆ. ಎಲುಬಿನೊಳಗೆ ಕೂರಿಸಿದ ಲೋಹದ ಕಂಬಿ ಸಡಿಲವಾಗಬಹುದು, ಮುರಿಯಲೂಬಹುದು. ಹದಿಹರೆಯದಲ್ಲಿ ಹಾಕಿಸಿಕೊಂಡವರಲ್ಲಿ ಹತ್ತು ಹದಿನೈದು ವರ್ಷದೊಳಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುವವರು ಬಹಳ ಮಂದಿ. ನನಗೆ ಹನ್ನೊಂದನೇ ವರ್ಷ ಬುಶ್ ಬದಲಾಯಿಸಿದರು. ವೈದ್ಯರು ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ಅಮ್ಮ ಮಾತ್ರ ಕ್ಯಾನ್ಸರ್ ಮರಳಿತೆಂದು ಎರಡು ದಿನ ಊಟ ಬಿಟ್ಟಿದ್ದರು.

ಸವೆತಕ್ಕಿಂತ ದೊಡ್ಡ ಭಯ ಸೋಂಕಿನದ್ದು. ಮಳೆಗಾಲದಲ್ಲಿ ತೋಟಕ್ಕಿಳಿದರೆ ಕಾಲ್ಬೆರಳ ಸಂದಿಯ ಹುಣ್ಣು ನಮ್ಮಲ್ಲಿ ಯಾರಿಗೆ ಆಗುವುದಿಲ್ಲ? ನನಗೆ ಅದು ಸಣ್ಣ ವಿಷಯವಲ್ಲ. ರೋಗಾಣು ರಕ್ತದ ಮೂಲಕ ಹೋಗಿ ಲೋಹಕ್ಕೆ ಅಂಟಿದರೆ ಬರೀ ಮಾತ್ರೆಗೆ ಬಗ್ಗುವುದು ಕಷ್ಟ. ಕೆಲವೊಮ್ಮೆ ಇಡೀ ಇಂಪ್ಲಾಂಟ್ ತೆಗೆಯಬೇಕು. ಕೊನೆಗೆ ಕಾಲನ್ನೇ ಕಳೆದುಕೊಂಡವರೂ ಇದ್ದಾರೆ. ಹಾಗಾಗಿ ಜ್ವರ ಬಂದು ಮೊಣಕಾಲು ಬಿಸಿಯಾದರೆ ಅದೇ ದಿನ ವೈದ್ಯರ ಹತ್ತಿರ ಓಟ. ಓಟ ಎಂದರೆ ರಿಕ್ಷಾದಲ್ಲಿ! ಕೀಮೋದ ಮದ್ದುಗಳು ಹೃದಯಕ್ಕೂ ಕಿವಿಗೂ ತೊಂದರೆ ಕೊಡಬಲ್ಲವು. ಅವುಗಳ ತಪಾಸಣೆ ಬೇರೆ.

ಈಜುತ್ತೇನೆ. ದರ್ಬೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗುತ್ತೇನೆ. ಕುಕ್ಕರುಗಾಲಲ್ಲಿ ಕೂರಲಾರೆ, ಜಾತ್ರೆಯಲ್ಲಿ ನೆಲದ ಪಂಕ್ತಿಗೂ ಕೂರಲಾರೆ.

ಅಧ್ಯಾಪಕರಲ್ಲಿ ಒಂದು ಮಾತು. ಮಕ್ಕಳ ಮೊಣಕಾಲು ನೋವು ಹೆಚ್ಚಾಗಿ ಆಟದ ಉಳುಕೇ. ಆದರೆ ರಾತ್ರಿ ನಿದ್ದೆ ಕೆಡಿಸಿದರೆ, ಊತ ಕಂಡರೆ, ಎರಡು ಮೂರು ವಾರವಾದರೂ ಬಿಡದಿದ್ದರೆ, ಎಣ್ಣೆ ಹಾಕಿ ತಿಕ್ಕಿಸಬೇಡಿ ಎಂದು ಮನೆಯವರಿಗೆ ಹೇಳಿ. ಮೊದಲು ಎಕ್ಸ್‌ರೇ ತೆಗೆಸಲಿ.

ಹಳೆ ವಿದ್ಯಾರ್ಥಿ ಸಂಘದವರೇ, ನೀವು ಕಟ್ಟಿಸುವ ಹೊಸ ಶೌಚಾಲಯದಲ್ಲಿ ಒಂದಾದರೂ ಕಮೋಡ್, ಪಕ್ಕದ ಗೋಡೆಗೊಂದು ಹಿಡಿಕಂಬಿ ಇರಲಿ. ಅದರ ಖರ್ಚು ನನ್ನದು.