ಡೌನರ್ಸ್ ಗ್ರೋವಿನ ಗ್ಯಾರೇಜಿನಲ್ಲಿ ಒಂದು ಟ್ರ್ಯಾಕ್ಟರ್
(ಕೂಟದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಡೆಟ್ರಾಯಿಟ್‌ನಿಂದ ಬಂದಿರುವ ಸ್ನೇಹಿತರೇ, ಕನ್ನಡ ಬಂಧುಗಳೇ,

ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆಯ ಉಪದೇಶ ಖಚಿತ ಎಂದು ತಾವು ಹೆದರಿರಬಹುದು. ಇಂದು ಊಟಕ್ಕೆ ಹೋಳಿಗೆ ಇದೆಯಂತೆ; ಆದ್ದರಿಂದ ಆ ವಿಷಯ ಬೇಡ. ನಮ್ಮ ಗ್ಯಾರೇಜಿನಲ್ಲಿರುವ ಒಬ್ಬ ರೋಗಿಯ ಬಗ್ಗೆ ಹೇಳುತ್ತೇವೆ.

ಹೆಸರು ಫಾರ್ಮಾಲ್ ಎಚ್. ಹುಟ್ಟಿದ್ದು 1948ರಲ್ಲಿ, ನಮ್ಮ ಇಲಿನಾಯ್ ರಾಜ್ಯದ ರಾಕ್ ಐಲೆಂಡ್ ಕಾರ್ಖಾನೆಯಲ್ಲಿ. ಡೆಟ್ರಾಯಿಟ್‌ನವರು ಬೇಸರಿಸಬಾರದು: ಟ್ರ್ಯಾಕ್ಟರನ್ನು ಸಾಮಾನ್ಯ ರೈತನ ಕೈಗೆಟುಕಿಸಿದ್ದು 1917ರಲ್ಲಿ ನಿಮ್ಮ ಡಿಯರ್‌ಬಾರ್ನಿನಿಂದ ಹೊರಟ ಫೋರ್ಡ್‌ಸನ್. ಆದರೆ ಅದು ಉಳುಮೆಗೆ ಸೈ, ನಿಂತ ಪೈರಿನ ಸಾಲಿಗೆ ಇಳಿಯುವಂತಿರಲಿಲ್ಲ. ಶಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1924ರಲ್ಲಿ ತಂದ ಫಾರ್ಮಾಲ್ ಎತ್ತರವಾಗಿತ್ತು, ಮುಂದಿನ ಚಕ್ರಗಳು ಒಟ್ಟಿಗಿದ್ದವು. ಜೋಳದ ಸಾಲಿನ ನಡುವೆ ಹೋಗಿ ಕಳೆ ತೆಗೆಯುತ್ತಿತ್ತು.

ಇದೇ ಕಂಪನಿಯ ಜೊತೆ ಸೇರಿ ಮಹೀಂದ್ರದವರು 1963ರಲ್ಲಿ ಭಾರತದಲ್ಲಿ ಟ್ರ್ಯಾಕ್ಟರ್ ಉದ್ಯಮ ಆರಂಭಿಸಿದರು. ಅಲ್ಲಿ ತಯಾರಾದ ಬಿ-275 ಮಾದರಿಯ ಗಾಡಿಯೊಂದು ಮಂಡ್ಯದ ಕಡೆಯ ನಮ್ಮ ಹಳ್ಳಿ ಮನೆಯಲ್ಲಿತ್ತು. ಎಂ.ಬಿ.ಬಿ.ಎಸ್. ಮುಗಿಸಿ 2006ರಲ್ಲಿ ರೆಸಿಡೆನ್ಸಿಗೆ ಹೊರಟಾಗ ಪರೀಕ್ಷೆಯ ಶುಲ್ಕ, ವಿಮಾನದ ಟಿಕೆಟ್ಟು ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ, ತಂದೆ ಹೇಳಲಿಲ್ಲ. ಎರಡು ವರ್ಷದ ಮೇಲೆ ಊರಿಗೆ ಹೋದಾಗ ಕೊಟ್ಟಿಗೆಯ ಪಕ್ಕದ ಜಾಗ ಖಾಲಿಯಿತ್ತು.

ಆದ್ದರಿಂದಲೇ ಈ ಮುದಿ ಫಾರ್ಮಾಲನ್ನು ಕೊಂಡೆವು. ಮನೆಯಾಕೆಯ ಕಾರು ಒಂದಿಡೀ ಚಳಿಗಾಲ ಹಿಮದಲ್ಲಿ ನಿಂತಿತು. ಎಂಜಿನ್ ಕಚ್ಚಿಕೊಂಡಿತ್ತು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ಎಣ್ಣೆ ಸುರಿದು, ವಾರಗಟ್ಟಲೆ ಕಾದು, ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲುಗಾಡಿಸಿದೆವು. ಒಂದು ರಾತ್ರಿ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ನಿಂತ ಹೃದಯ ಮತ್ತೆ ಬಡಿದಷ್ಟೇ ಸಂತೋಷ! ಮುಂದೆ ಕಾರ್ಬ್ಯುರೇಟರ್, ಮ್ಯಾಗ್ನೆಟೊ, ರೇಡಿಯೇಟರ್. ಕೊನೆಗೆ ಕೆಂಪು ಬಣ್ಣ.

ಕಳೆದ ಬೇಸಿಗೆಯಲ್ಲಿ ತಂದೆ ಬಂದರು. ಹೊಳೆಯುವ ಬಣ್ಣವನ್ನು ಹೊಗಳುತ್ತಾರೆಂದು ನಾವು ಕಾದೆವು. ಅವರು ನೆಟ್ಟಗಿನ ಹೊಗೆಕೊಳವೆಯನ್ನು ನೋಡಿ, "ಇದ್ಕೆ ಡಬ್ಬ ಮುಚ್ಚಿರ್ನಿಲ್ವಾ?" ಎಂದರು. ನಿಜ. ಬಯಲಿನಲ್ಲಿ ನಿಲ್ಲಿಸಿದ ಗಾಡಿಯ ಕೊಳವೆಯೊಳಗೆ ಮಳೆನೀರು ಇಳಿದು, ತೆರೆದಿದ್ದ ವಾಲ್ವಿನಿಂದ ಸಿಲಿಂಡರಿಗೆ ಸೇರಿ ತುಕ್ಕು ಹಿಡಿಸಿತ್ತು. ನಾವು ತಿಂಗಳುಗಟ್ಟಲೆ ಹುಡುಕಿದ ರೋಗಕಾರಣವನ್ನು ಅವರು ಒಂದು ಗಳಿಗೆಯಲ್ಲಿ ಹೇಳಿದರು. "ಓಡ್ಸಿದ್ರೆ ಕೆಡಾಕಿಲ್ಲ ಮಗಾ, ನಿಲ್ಸಿದ್ರೆ ಕೆಡೋದು" ಎಂದರು.

ಮಾರಿದ ಟ್ರ್ಯಾಕ್ಟರಿನ ಮಾತನ್ನು ನಾವೇ ಎತ್ತಿದೆವು. "ಅದು ಕೆಲ್ಸ ಮಾಡ್ತು ಬುಡು" ಎಂದಷ್ಟೇ ಹೇಳಿ ಹ್ಯಾಂಡಲ್ ಕೈಗೆತ್ತಿಕೊಂಡರು.

ಪಂಪ್‌ಸೆಟ್ಟಿನ ಎಂಜಿನ್ನನ್ನು ವರ್ಷಗಟ್ಟಲೆ ತಿರುಗಿಸಿದ ಕೈ ಅದು. ಹದಿನೈದು ವರ್ಷದ ಮೊಮ್ಮಗನನ್ನು ಕರೆದು, "ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ ಕಂದ, ಬೆರಳ ಪಕ್ಕಕ್ಕೇ ಮಡಗು" ಎಂದರು. ಹ್ಯಾಂಡಲ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಆ ಮುರಿತಕ್ಕೆ ನಮ್ಮ ವೈದ್ಯ ಪುಸ್ತಕಗಳಲ್ಲಿ ಮೋಟಾರು ಚಾಲಕರ ಹೆಸರನ್ನೇ ಇಟ್ಟಿದ್ದಾರೆ. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಅಂದು ಅರ್ಥ ಕೇಳಲಿಲ್ಲ. ಹೆಬ್ಬೆಟ್ಟು ಸರಿಸಿಕೊಂಡ. ಮೂರನೇ ಸಲಕ್ಕೆ ಎಂಜಿನ್ ಹತ್ತಿತು. ಅವನು "ತಾತಾ, ಇನ್ನೊಂದ್ಸಲ!" ಎಂದು ಕೂಗಿದ.

ಬಂಧುಗಳೇ, ನಾವು ಕನ್ನಡಕ್ಕೆ ವರ್ಷಕ್ಕೆರಡು ಸಲ ಬಣ್ಣ ಬಳಿದು ವೇದಿಕೆಯ ಮೇಲೆ ನಿಲ್ಲಿಸುತ್ತೇವೆ. ಅದೂ ಬೇಕು. ಆದರೆ ಅಡಿಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಮಕ್ಕಳ ಕೈಗೆ ಒಂದು ಕೆಲಸ ಕೊಟ್ಟು ಅದನ್ನು ಕನ್ನಡದಲ್ಲೇ ಹೇಳಿಕೊಟ್ಟು ನೋಡಿ.

ಈಗ ಪ್ರತಿ ಭಾನುವಾರ ಟ್ರ್ಯಾಕ್ಟರ್ ಹತ್ತು ನಿಮಿಷ ಓಡುತ್ತದೆ. ಆರಿಸಿದ ಮೇಲೆ ಕೊಳವೆಗೆ ಡಬ್ಬ ಮುಚ್ಚುವವನು ನಮ್ಮ ಮಗ. ತಾವೆಲ್ಲ ಒಮ್ಮೆ ಬಂದು ನೋಡಬೇಕು.